ಬಣ್ಣಸೂಚಿಯ ಕೆಂಪು

ಫಾಲ್ಗುಣದ ಕೊನೆಯ ದಿನ ಸಂಜೆ ಐದು ಗಂಟೆಯೊಳಗೆ ನಮ್ಮ ಊರಿನ ಮುಂದಿನ ವರ್ಷದ ಸೆಕೆಯನ್ನು ಹಂಚಿ ಮುಗಿಸಬೇಕು. ಪುರಸಭೆಯ ನಕ್ಷೆಯಲ್ಲಿ ಯಾವ ಬೀದಿಗೆ ಎಷ್ಟು ಕೆಂಪು ಹಚ್ಚಿರುತ್ತಾರೋ ಅಷ್ಟು ಸೆಕೆ ಯುಗಾದಿಯ ಬೆಳಿಗ್ಗೆಯಿಂದ ಆ ಬೀದಿಗೆ ಬಂದು ಕೂರುತ್ತದೆ. ವರ್ಷ ತುಂಬುವವರೆಗೆ ಏಳುವುದಿಲ್ಲ. ಕೆಂಪು ಪೆನ್ಸಿಲ್ಲಿನ ಡಬ್ಬಿ ಮೇಲಿನ ಕಚೇರಿಯಿಂದ ಬರುತ್ತದೆ. ಅದರಲ್ಲಿರುವಷ್ಟನ್ನೂ ಸವೆಸಿ, ಉಗುರಿನುದ್ದದ ತುಂಡುಗಳನ್ನು ವಾಪಸು ಕಳಿಸಬೇಕು. ಉಳಿಸುವ ಹಾಗಿಲ್ಲ. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಡಬ್ಬಿಯಲ್ಲಿ ಮೂರೇ ಪೆನ್ಸಿಲ್ ಇರುತ್ತಿದ್ದವಂತೆ. ಕೋಟೆಕೆರೆಯನ್ನು ಮುಚ್ಚಿ ಬಸ್ ನಿಲ್ದಾಣ ಮಾಡಿದ ವರ್ಷ ನಾಲ್ಕಾದವು. ಸಂತೆಬೀದಿಯ ಹುಣಸೆಮರಗಳನ್ನು ಕಡಿದು ಡಾಂಬರು ಹಾಕಿದರು, ಆರಾದವು. ಅಂಗಡಿಗಳಿಗೆಲ್ಲ ಗಾಜಿನ ಮುಖ ಬಂತು, ಪ್ರತಿ ಗಾಜಿನ ಹಿಂದೆ ಬೀದಿಗೆ ಬೆನ್ನು ಮಾಡಿ ಬಿಸಿಯುಸಿರು ಬಿಡುವ ಒಂದು ಏಸಿ ಪೆಟ್ಟಿಗೆ ಬಂತು. ನಾನು ಕೆಲಸಕ್ಕೆ ಸೇರಿದ ವರ್ಷ ಹನ್ನೊಂದಿದ್ದವು. ಪೆನ್ಸಿಲ್ ಯಾಕೆ ಹೆಚ್ಚುತ್ತಿವೆ ಎಂದು ಕೇಳಿದವರು ನನಗೆ ತಿಳಿದಂತೆ ಯಾರೂ ಇಲ್ಲ. ಯಾವ ಬೀದಿಗೆ ಹಚ್ಚುತ್ತಾರೆ ಎಂದು ಮಾತ್ರ ಎಲ್ಲರೂ ಕೇಳುತ್ತಾರೆ.

ನನಗೆ ಆ ಕೆಲಸ ಸಿಕ್ಕಿದ್ದು ಶ್ರೀಪಾದರಾಯರ ಕೈ ನಡುಗಲು ಶುರುವಾದದ್ದರಿಂದ. ಮೂವತ್ತೆರಡು ವರ್ಷ ನಕ್ಷೆಗೆ ಬಣ್ಣ ತುಂಬಿದ ಗುಮಾಸ್ತರು ಅವರು. ಸಂದರ್ಶನಕ್ಕೆ ಹೋದಾಗ ಎಂಜಿನಿಯರ್ ಗುರುಮೂರ್ತಿಯವರು ನನ್ನ ಭೂಗೋಳದ ಬಿ.ಎ. ಅಂಕಪಟ್ಟಿಯನ್ನು ಮಡಿಸಿ ಅದರಿಂದಲೇ ಗಾಳಿ ಹಾಕಿಕೊಳ್ಳುತ್ತ, "ಗೆರೆ ದಾಟದ ಹಾಗೆ ಬಣ್ಣ ತುಂಬೋಕೆ ಬರುತ್ತಾ?" ಎಂದರು. ನಾನು ತಲೆಯಾಡಿಸಿದೆ. "ಮಾತು?" ಎಂದರು. ಏನು ಹೇಳಬೇಕೋ ತಿಳಿಯದೆ ಸುಮ್ಮನಿದ್ದೆ. "ಬೆಸ್ಟ್. ಇವರನ್ನೇ ತಗೊಳ್ಳಿ," ಎಂದರು. ಜೀವನದಲ್ಲಿ ಮೊದಲ ಸಲ ನನ್ನ ಸಂಕೋಚ ಒಂದು ಅರ್ಹತೆಯಾಯಿತು ಎಂದು ಅವತ್ತು ಡೈರಿಯಲ್ಲಿ ಬರೆದುಕೊಂಡೆ.

ಅರ್ಜಿಯಲ್ಲಿ ನನ್ನ ವಿಳಾಸ ಇತ್ತು. ಯಾರೂ ಓದಿರಲಿಲ್ಲ. ನಾವಿರುವುದು ಬಸ್ ನಿಲ್ದಾಣದ ಹಿಂದಿನ ತಗಡಿನ ಓಣಿಯಲ್ಲಿ. ಮೂವತ್ತೆಂಟು ಮನೆ, ಮೂವತ್ತೆಂಟು ತಗಡಿನ ಸೂರು, ಮರ ಎನ್ನುವುದು ಒಂದೂ ಇಲ್ಲ. ಅಕ್ಕ ಕಸ್ತೂರಿ ಬಾಗಿಲ ಪಕ್ಕದಲ್ಲೇ ಮೇಜು ಹಾಕಿಕೊಂಡು ಇದ್ದಿಲಿನ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುತ್ತಾಳೆ. ಭಾವ ಲಾರಿಯ ಮೇಲೆ ಹೋದರೆ ಬರುವುದು ಹದಿನೈದು ದಿನಕ್ಕೆ. ನನ್ನನ್ನು ಓದಿಸಿದ್ದು ಆ ಇಸ್ತ್ರಿಪೆಟ್ಟಿಗೆಯೇ. ಹೋದ ವರ್ಷ ವೈಶಾಖದಲ್ಲಿ ಅವಳಿಗೆ ಎಂಟು ತಿಂಗಳು ತುಂಬಿತ್ತು. ಒಂದು ಮಧ್ಯಾಹ್ನ ಇಸ್ತ್ರಿ ಮಾಡುತ್ತಲೇ ಕುಸಿದು ಕೂತಳು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಆಸ್ಪತ್ರೆಯವರು ಕಾಗದದಲ್ಲಿ ಏನೋ ಕಾರಣ ಬರೆದರು. ಸೆಕೆ ಎಂದು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ. ಈಗ ಮತ್ತೆ ಬಸುರಿ. ದಿನ ತುಂಬುವುದು ಮತ್ತೆ ವೈಶಾಖಕ್ಕೇ.

ನರ್ಸ್ ಫಿಲೋಮಿನಾ ಹೊಟ್ಟೆ ಮುಟ್ಟಿ ನೋಡಿ, "ಈ ಸಲ ಬೇಸಿಗೆಗೆ ಬೇರೆ ಕಡೆ ಹೋಗಿಬಿಡು ಕಸ್ತೂರಿ," ಎಂದಳು.

"ಎಲ್ಲಿಗೆ ಹೋಗ್ಲಿ ಸಿಸ್ಟರ್? ಅತ್ತೆ ಮನೆ ಪಕ್ಕದ ಸಾಲಲ್ಲೇ ಇದೆ. ಎರಡು ತಗಡು ಆಚೆ," ಎಂದು ಅಕ್ಕ ನಕ್ಕಳು. ಆಮೇಲೆ ನನ್ನ ಕಡೆ ನೋಡಲಿಲ್ಲ. ನೀನು ನಕ್ಷೆಯ ಕಚೇರಿಯಲ್ಲಿದ್ದೀಯಲ್ಲ ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು, ಆಗುವುದಿಲ್ಲ ಎಂದಾದರೂ ಹೇಳಬಹುದಿತ್ತು.

ಮಾಘ ಮಾಸದಲ್ಲಿ ಸಮೀಕ್ಷೆ. ಮಧ್ಯಾಹ್ನ ಎರಡು ಗಂಟೆಗೆ ಛತ್ರಿ, ಥರ್ಮಾಮೀಟರು ಹಿಡಿದು ಬೀದಿಬೀದಿ ತಿರುಗಿ ಎಲ್ಲಿ ಎಷ್ಟು ಡಿಗ್ರಿ ಎಂದು ಬರೆದುಕೊಳ್ಳಬೇಕು. ಡಾಂಬರಿನ ಮೇಲೆ, ಮಣ್ಣಿನ ಮೇಲೆ, ತಗಡಿನ ಕೆಳಗೆ, ಮರವಿದ್ದಲ್ಲಿ ಮರದ ಕೆಳಗೆ. ನಾನು ತಂದ ಅಂಕಿಗಳು ಹಿಂದಿನ ವರ್ಷದ ನಕ್ಷೆಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿದವು. "ನೋಡಿದ್ರಾ, ನಮ್ಮ ನಕ್ಷೆ ನೂರಕ್ಕೆ ನೂರು ಕರೆಕ್ಟು," ಎಂದರು ಗುರುಮೂರ್ತಿ. ಈ ನಿಖರತೆಗಾಗಿ ಅವರಿಗೆ ಮೂರು ಸಲ ಪ್ರಶಸ್ತಿ ಬಂದಿದೆ. ಫಲಕಗಳು ಅವರ ಕುರ್ಚಿಯ ಹಿಂದೆ ನೇತಾಡುತ್ತವೆ. ಸೆಕೆ ತಗ್ಗಿಸುವುದು ಹೇಗೆ ಎಂಬ ಒಂದು ಕಡತವೂ ಅಲ್ಲಿದೆ: ಮರ ನೆಡುವುದು, ಕೆರೆ ಬಿಡಿಸುವುದು, ಸೂರುಗಳಿಗೆ ಸುಣ್ಣ ಬಳಿಯುವುದು, ಬೇಡದ ಡಾಂಬರು ಕೀಳುವುದು. ನಲವತ್ತು ವರ್ಷದ ಹಿಂದೆ ಯಾರೋ ಬರೆದದ್ದು. ಪ್ರತಿ ಪುಟದ ಅಂಚಿನಲ್ಲೂ ಬೇರೆ ಬೇರೆ ಕೈಬರಹದಲ್ಲಿ 'ಸಾಧ್ಯವಿಲ್ಲ' ಎಂದಿದೆ. ಗುರುಮೂರ್ತಿಯವರದು ಕೊನೆಯದು, ಹಸಿರು ಶಾಯಿ.

ರಾಯರು ನಿವೃತ್ತರಾದರೂ ಹದಿನೈದು ದಿನ ಬಂದು ಕೆಲಸ ಕಲಿಸಿಕೊಟ್ಟರು. ಬಟ್ಟೆಗೆ ಅಂಟಿಸಿದ ದಪ್ಪ ಕಾಗದದ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, "ನೋಡಮ್ಮ ಯಶೋದಾ, ಇದು ಬಣ್ಣ ಅಂದ್ಕೋಬೇಡ. ಇದು ಮುಲಾಜು," ಎಂದರು. ಅಧ್ಯಕ್ಷರ ಮಾವನ ಅಂಗಡಿ ಸಾಲಿಗೆ ಪೆನ್ಸಿಲ್ ತಾಗಿಸಿದರೆ ಸಾಕು, ಒತ್ತುವುದು ಬೇಡ. ಕನ್ಯಾಶಾಲೆಗೆ ತಿಳಿಗುಲಾಬಿ, ಇಲ್ಲದಿದ್ದರೆ ಸೈನ್ಸ್ ಮೇಷ್ಟರು ಅರ್ಜಿ ಬರೆಯುತ್ತಾರೆ. ಹೀಗೆ ಎಲ್ಲರಿಗೂ ಕೊಟ್ಟು ಉಳಿದದ್ದನ್ನು, ಅಂದರೆ ಹನ್ನೊಂದರಲ್ಲಿ ಏಳು ಪೆನ್ಸಿಲನ್ನು, ತಗಡಿನ ಓಣಿಗೆ. "ಅವರಿಗೆ ಅಭ್ಯಾಸ ಇದೆ ಅಂತಾರೆ. ಮೊದಲನೇ ಸಲ ಹಚ್ಚಿದಾಗ ನನ್ನ ಕೈ ನಡುಗಿತ್ತು. ಆಮೇಲೆ ನಿಂತಿತು. ಈಗ ಮತ್ತೆ ನಡುಗ್ತಿದೆ, ಆದ್ರೆ ಇದು ವಯಸ್ಸಿಂದು," ಎಂದು ನಕ್ಕು, ಓಣಿಯ ಮೇಲೆ ಬೆರಳಿಟ್ಟರು. "ಬಣ್ಣ ಆದ್ಮೇಲೆ ಪುರಸಭೆ ಮೊಹರು ಇಲ್ಲೇ ಒತ್ತಬೇಕು. ಬೇರೆ ಕಡೆ ಒತ್ತಿದ್ರೆ ಬೀದಿ ಹೆಸರು ಮುಚ್ಚಿಹೋಗುತ್ತೆ. ಇಲ್ಲಿ ಹೆಸರಿಲ್ಲ."

ನಕ್ಷೆಯ ಆಗ್ನೇಯ ಮೂಲೆಯಲ್ಲಿ ಅಂಗೈಯಗಲದ ಒಂದು ಚೌಕವಿತ್ತು. ಬಣ್ಣಸೂಚಿ. ಬಿಳಿ ಎಂದರೆ ತಂಪು, ಗುಲಾಬಿ ಎಂದರೆ ಸಾಧಾರಣ, ಕೆಂಪು ಎಂದರೆ ಅತಿ ಸೆಕೆ ಎಂದು ಬೆಂಕಿಪೊಟ್ಟಣದಗಲದ ಮೂರು ಮನೆಗಳು. ಅದರಡಿ ಏನಿದೆ ಎಂದು ಕೇಳಿದೆ. ಇಡೀ ದಿನದಲ್ಲಿ ನಾನು ಕೇಳಿದ ಒಂದೇ ಪ್ರಶ್ನೆ ಅದು.

"ಎಂಬತ್ತು ವರ್ಷದ ಹಿಂದೆ ಬರೀ ಗರಸು ನೆಲ ಇತ್ತು, ಅದಕ್ಕೇ ಸೂಚಿ ಅಲ್ಲಿ ಬರೆದ್ರು. ಈಗ..." ರಾಯರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಈಗ ಶೀತಲ ಬಡಾವಣೆ. ಸೂಚಿಗೆ ಯಾರೂ ಬಣ್ಣ ಹಚ್ಚಲ್ಲ, ಅಚ್ಚಿನಲ್ಲಿ ಬಂದಿರೋ ತೆಳು ಬಣ್ಣವೇ ಸಾಕು ಅಂತ. ಅದರ ಕೆಳಗಿದ್ದೋರಿಗೆ ಸೆಕೆ ಹೋಗೋ ದಾರೀನೇ ಇಲ್ಲ. ಗೊತ್ತಿದ್ದೋರು ಅಲ್ಲಿ ಸೈಟು ತಗೊಂಡ್ರು."

ನನಗೆ ಅಕ್ಕನ ಮೇಜಿನ ಮೇಲಿನ ಸ್ವೆಟರುಗಳು ನೆನಪಾದವು. ಅಧ್ಯಕ್ಷರ ಮನೆಯಿಂದ, ಗುರುಮೂರ್ತಿಯವರ ಮನೆಯಿಂದ, ನಡು ಬೇಸಿಗೆಯಲ್ಲಿ ಅವಳಿಗೆ ಉಣ್ಣೆಯ ಬಟ್ಟೆ ಬರುತ್ತಿತ್ತು. ಶಾಲು, ಕೋಟು, ಕಿವಿ ಮುಚ್ಚುವ ಟೋಪಿ. ಬೆವರು ಬೀಳಬಾರದೆಂದು ಅಕ್ಕ ಹಣೆಗೊಂದು ಬಟ್ಟೆ ಕಟ್ಟಿಕೊಂಡು, ಅವುಗಳ ಮೇಲೆ ಒದ್ದೆ ಪಂಚೆ ಹಾಸಿ ಇಸ್ತ್ರಿ ತಿಕ್ಕುತ್ತಿದ್ದಳು. ದೊಡ್ಡವರಿಗೆ ಇದೊಂದು ಶೋಕಿ ಎಂದು ನಾವು ತಿಳಿದುಕೊಂಡಿದ್ದೆವು.

ಕೊನೆಯ ವಾರ ಜನ ಬರಲು ಶುರುವಾಯಿತು. ಹೋಟೆಲಿನ ಶಂಭುಭಟ್ಟರು ಬಿಸಿ ಜಿಲೇಬಿ ತಂದು ಮೇಜಿನ ಮೇಲಿಟ್ಟು, "ಒಲೆ ಬಿಸಿ ನಮ್ದೇ ಇದೆ ತಾಯಿ, ಮೇಲಿಂದು ಬೇಡ," ಎಂದರು. ತಲೆಯಾಡಿಸಿದೆ. ಹೆಡ್‌ಮಿಸ್ಟ್ರೆಸ್ ಬಂದರು, ನನಗೆ ಏಳನೇ ಕ್ಲಾಸಿನಲ್ಲಿ ಪಾಠ ಮಾಡಿದವರು. ತಲೆಯಾಡಿಸಿದೆ. ಬಟ್ಟೆ ಅಂಗಡಿಯವರು, ಕಟ್ಟಿಗೆ ಅಡ್ಡೆಯವರು, ಇಡೀ ಗಾಣಿಗರ ಕೇರಿಯ ಪರವಾಗಿ ಹನ್ನೆರಡು ಹೆಂಗಸರು. ಎಲ್ಲರಿಗೂ ತಲೆಯಾಡಿಸಿದೆ. ಅಟೆಂಡರ್ ಹನುಮಕ್ಕ ಬಾಗಿಲಿಗೊರಗಿ ನೋಡುತ್ತಿದ್ದಳು.

"ಏನವ್ವ, ಊರಿಗೆಲ್ಲ ಹೂಂ ಅಂದ್ಬಿಟ್ಟೆ. ಕೆಂಪು ಎಲ್ಲಿಗೆ ಬಳೀತೀಯಾ, ನಿನ್ ತಲೆಗಾ?"

"ನಾನು ಹೂಂ ಅನ್ನಲಿಲ್ಲ ಹನುಮಕ್ಕ."

"ಕತ್ತು ಅಂದ್ತಲ್ಲ."

ಆ ದಿನ ಬಂತು. ಗುರುಮೂರ್ತಿಯವರು ಬೆಳಿಗ್ಗೆ ಡಬ್ಬಿಯ ಸೀಲು ಒಡೆದು ಹನ್ನೊಂದು ಪೆನ್ಸಿಲ್ ನನ್ನ ಮುಂದಿಟ್ಟು, "ಮಿಕ್ಕಿದ್ದೆಲ್ಲ ತಗಡಿನ ಓಣಿಗೆ. ರಾಯರು ಹೇಳಿರ್ಬೇಕು," ಎಂದರು. ಅಧ್ಯಕ್ಷರ ಮನೆಯಲ್ಲಿ ಊಟವಿತ್ತು, ಹೋದರು. ಹೊರಡುವಾಗ ಹೆಗಲ ಮೇಲೆ ಸ್ವೆಟರ್ ಎಸೆದುಕೊಂಡರು. ಅದರ ಕಾಲರಿನ ಮಡಿಕೆ ಅಕ್ಕನದು, ನನಗೆ ಗುರುತು ಸಿಕ್ಕಿತು.

ತಗಡಿನ ಓಣಿ ಬಿಟ್ಟು ಇಡೀ ಊರಿಗೆ ತಿಳಿಗುಲಾಬಿ ಹಚ್ಚಿದೆ. ಕೊಟ್ಟ ಮಾತನ್ನೆಲ್ಲ ಉಳಿಸಿಕೊಂಡೆ. ಮಧ್ಯಾಹ್ನ ಎರಡಕ್ಕೆ ನಾಲ್ಕು ಪೆನ್ಸಿಲ್ ಮುಗಿದಿದ್ದವು. ಐದನೆಯದನ್ನು ಚೂಪು ಮಾಡಿ ತಗಡಿನ ಓಣಿಯ ಮೇಲೆ ಹಿಡಿದೆ. ಓಣಿ ನಕ್ಷೆಯಲ್ಲಿ ನನ್ನ ಹೆಬ್ಬೆರಳಿನಷ್ಟಿತ್ತು. ನಮ್ಮ ಮನೆ ಎಲ್ಲಿ ಬರಬಹುದೆಂದು ಹುಡುಕಿದೆ. ಪೆನ್ಸಿಲಿನ ಮೊನೆಗಿಂತ ಚಿಕ್ಕದು. ನನಗೆ ಧೈರ್ಯವಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆಗುವುದಿಲ್ಲ ಎಂದು ಗುರುಮೂರ್ತಿಯವರಿಗೆ ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಹೇಳದೆ ಮಾಡುವುದು ಮಾತ್ರ ಗೊತ್ತಿತ್ತು. ನಿಯಮದ ಪುಸ್ತಕ ತೆಗೆದೆ. ಹದಿನಾಲ್ಕನೆಯ ನಿಯಮ: 'ಬಣ್ಣಸೂಚಿಯು ಸ್ಪಷ್ಟವಾಗಿರತಕ್ಕದ್ದು.' ಎಷ್ಟು ಸ್ಪಷ್ಟ ಎಂದು ಬರೆದಿರಲಿಲ್ಲ.

ಸೂಚಿಯ ಮೂರನೆಯ ಮನೆಗೆ ಕೆಂಪು ಹಚ್ಚಿದೆ. ಹಚ್ಚಿದ್ದರ ಮೇಲೆ ಹಚ್ಚಿದೆ. ಗೆರೆ ದಾಟಲಿಲ್ಲ. ಐದು, ಆರು, ಏಳು. ಕಾಗದ ಮೇಣದಂತೆ ಹೊಳೆಯತೊಡಗಿತು, ಬೆರಳಿಟ್ಟರೆ ಚುರುಕ್ಕೆನ್ನುತ್ತಿತ್ತು. ಹನುಮಕ್ಕ ಚಹಾ ತಂದಳು, ನಕ್ಷೆ ನೋಡಿದಳು, ನನ್ನನ್ನು ನೋಡಿದಳು, ಬಾಗಿಲು ಎಳೆದುಕೊಂಡು ಹೊರಗೆ ಸ್ಟೂಲಿನ ಮೇಲೆ ಕೂತಳು. ಯಾರೋ ಬಂದದ್ದಕ್ಕೆ "ಮೇಡಂ ಊಟಕ್ಕೋಗವ್ರೆ" ಎಂದದ್ದು ಕೇಳಿಸಿತು. ನಾಲ್ಕೂವರೆಗೆ ಹನ್ನೊಂದನೆಯ ತುಂಡು ಉಗುರಿನುದ್ದಕ್ಕೆ ಬಂತು. ಪುರಸಭೆಯ ಮೊಹರನ್ನು ನೇರಳೆ ಶಾಯಿಯಲ್ಲಿ ಅದ್ದಿ, ಬಿಳಿಯಾಗೇ ಉಳಿದಿದ್ದ ನಮ್ಮ ಓಣಿಯ ಮೇಲೆ, ರಾಯರು ಹೇಳಿಕೊಟ್ಟ ಹಾಗೆ, ಒತ್ತಿದೆ.

ಗುರುಮೂರ್ತಿಯವರು ಬಂದವರೇ ತುಂಡುಗಳನ್ನು ಎಣಿಸಿದರು. ಅಂಗಡಿ ಸಾಲನ್ನು ನೋಡಿದರು. ಮೊಹರಿನ ಕಡೆ ಕಣ್ಣು ಹಾಯಿಸಿ, "ಕೆಳಗೆ ಹಚ್ಚಿದ್ದೀರಲ್ಲ?" ಎಂದರು. ಕೆಳಗೆ ಎಂದರೆ ನಕ್ಷೆಯ ಕೆಳಗಿನ ಮೂಲೆ ಎಂದುಕೊಂಡು ತಲೆಯಾಡಿಸಿದೆ. ಸಹಿ ಹಾಕಿ ಪೆನ್ನು ಮುಚ್ಚುವಾಗ ಅವರ ನೋಟ ಸೂಚಿಯ ಮೇಲೆ ನಿಂತಿತು.

"ವೆರಿ ಗುಡ್," ಎಂದರು. "ರಾಯರ ಕಾಲದಲ್ಲಿ ಸೂಚಿ ಮಂಕಾಗಿರ್ತಿತ್ತು. ಈಗ ನೋಡಿ, ಹೇಗೆ ಎದ್ದು ಕಾಣುತ್ತೆ."

ಯುಗಾದಿಯ ಬೆಳಿಗ್ಗೆ ಅಕ್ಕ ಎಣ್ಣೆನೀರು ಹಾಕಿಕೊಳ್ಳುತ್ತ ನಡುಗಿದಳು. ತಗಡಿನ ಓಣಿಯಲ್ಲಿ ಹಿಂದೆಂದೂ ಯಾರೂ ನಡುಗಿದ್ದಿಲ್ಲ. ಹಾಗಾಗಿ ಅದು ಏನೆಂದು ತಿಳಿಯದೆ ಅತ್ತೆಯನ್ನು ಕೂಗಿ ಕರೆದಳು. ಅದೇ ಹೊತ್ತಿಗೆ ಶೀತಲ ಬಡಾವಣೆಯಲ್ಲಿ ಬೇವುಬೆಲ್ಲದ ಬೆಲ್ಲ ಬಟ್ಟಲಲ್ಲೇ ಕರಗಿ ಪಾಕವಾಗಿತ್ತಂತೆ.

ಮೂರನೆಯ ದಿನ ನನ್ನನ್ನು ಸಭೆಗೆ ಕರೆದರು. ಅಧ್ಯಕ್ಷ ವೀರಭದ್ರಪ್ಪನವರು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಕೊಂಡು ಕೂತಿದ್ದರು. ನಕ್ಷೆ ಮೇಜಿನ ಮೇಲಿತ್ತು, ಆದರೆ ಆ ಮೂಲೆಯ ಹತ್ತಿರ ಯಾರೂ ಕೈ ಇಟ್ಟಿರಲಿಲ್ಲ.

"ಏನಮ್ಮಾ ಇದು? ನಮ್ಮವ್ವ ಎಂಬತ್ತೆರಡು ವರ್ಷದೋಳು, ಬಚ್ಚಲಲ್ಲಿ ಕೂತವ್ಳೆ ಬೆಳಗ್ಗಿಂದ. ಯಾರು ಹೇಳಿದ್ರು ನಿಂಗೆ ಹಿಂಗೆ ಮಾಡು ಅಂತ?"

ಎಲ್ಲರೂ ನನ್ನ ಮುಖ ನೋಡಿದರು. "ಸೂಚಿ ಸ್ಪಷ್ಟವಾಗಿರಬೇಕು ಅಂತ ನಿಯಮ ಇದೆ ಸಾರ್," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಹನುಮಕ್ಕ ಬಾಗಿಲಿನಿಂದ ಅದನ್ನು ಜೋರಾಗಿ ಇನ್ನೊಮ್ಮೆ ಹೇಳಿದಳು.

"ಸೂಚಿ ಅಂದ್ರೆ ಮಾದರಿ ಕಣ್ರೀ! ಅಲ್ಲಿ ಯಾವ ಬೀದೀನೂ ಇಲ್ಲ," ಎಂದರು ಗುರುಮೂರ್ತಿ.

"ಹಂಗಾದ್ರೆ ನಾವೆಲ್ಲಿದ್ದೀವಿ ಗುರುಮೂರ್ತಿ?" ಎಂದರು ಅಧ್ಯಕ್ಷರು.

ವಿಚಾರಣೆಗೆಂದು ಕರೆಸಿ ಮೂಲೆಯಲ್ಲಿ ಕೂರಿಸಿದ್ದ ಶ್ರೀಪಾದರಾಯರಿಗೆ ಕೆಮ್ಮು ಬಂತು, ಎಷ್ಟೋ ಹೊತ್ತು ನಿಲ್ಲಲಿಲ್ಲ. ಸಹಿಯಾದ ನಕ್ಷೆಯನ್ನು ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ. ಸಹಿ ಗುರುಮೂರ್ತಿಯವರದೇ. ನನ್ನನ್ನು ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರೆಯಬೇಕು. ಕಾರಣ ಬರೆದರೆ ನಕ್ಷೆಯಲ್ಲಿಲ್ಲದ ಬಡಾವಣೆಯೊಂದು ನೆಲದ ಮೇಲಿದೆ ಎಂದು ಮೇಲಿನ ಕಚೇರಿಗೆ ತಿಳಿಯುತ್ತದೆ. ಹಾಗಾಗಿ ನನ್ನನ್ನು ಹಳೆಯ ನಕ್ಷೆಗಳ ಕೋಣೆಗೆ ವರ್ಗ ಮಾಡಿದರು. ಅಲ್ಲಿ ಯಾರೊಂದಿಗೂ ಮಾತಾಡಬೇಕಾಗಿಲ್ಲ. ಶಿಕ್ಷೆ ಎಂದುಕೊಂಡು ಕೊಟ್ಟರು.

ಆಮೇಲಿನ ಆರು ವಾರ ಊರು ನೋಡಿದ್ದನ್ನು ಹಿಂದೆ ನೋಡಿರಲಿಲ್ಲ. ನಲವತ್ತು ವರ್ಷದ ಆ ಕಡತ ಗುರುಮೂರ್ತಿಯವರ ಮೇಜಿಗೆ ಬಂತು. ಪ್ರತಿ 'ಸಾಧ್ಯವಿಲ್ಲ'ದ ಕೆಳಗೆ ಅವರು ಅದೇ ಹಸಿರು ಶಾಯಿಯಲ್ಲಿ 'ತುರ್ತು' ಎಂದು ಬರೆದರು. ಬಡಾವಣೆಯ ಸೂರುಗಳೆಲ್ಲ ಸುಣ್ಣ ಕಂಡವು. ಡಾಂಬರು ಕಿತ್ತು ಹೊಂಗೆ, ಬೇವು, ಬಾದಾಮಿಯ ಎದೆಯೆತ್ತರದ ಗಿಡಗಳನ್ನು ಲಾರಿಯಲ್ಲಿ ತಂದು ನೆಟ್ಟರು. ಎರಡು ಮನೆಗಳ ಕಾಂಪೌಂಡು ಒಡೆದು ಕೊಳ ತೋಡಿದರು. ಯಾವುದರಿಂದಲೂ ಅಲ್ಲಿನ ಸೆಕೆ ಏಳಲಿಲ್ಲ, ಈ ವರ್ಷದ್ದು ಹಂಚಿ ಆಗಿಹೋಗಿತ್ತು. ಮುಂದಿನ ವರ್ಷದ ಡಬ್ಬಿಯಲ್ಲಿ ಒಂದೋ ಎರಡೋ ಪೆನ್ಸಿಲ್ ಕಡಿಮೆ ಬರಬಹುದು ಎಂದರು ರಾಯರು. ಸೆಕೆ ತಗ್ಗಿಸಬಹುದು ಎನ್ನುವುದು ನಮ್ಮ ಊರಿಗೆ ಗೊತ್ತಾದದ್ದು ಹೀಗೆ.

ಈ ನಡುವೆ ಬಡಾವಣೆಯವರು ಸಂಜೆಯಾದರೆ ಕಾರು ಹತ್ತಿ ನಮ್ಮ ಓಣಿಗೆ ಬರತೊಡಗಿದರು. ವಾಯುವಿಹಾರಕ್ಕಂತೆ. ಅಧ್ಯಕ್ಷರ ತಾಯಿ ನಮ್ಮ ಬಾಗಿಲಲ್ಲೇ ಬೆತ್ತದ ಮೋಡಾ ಹಾಕಿಸಿಕೊಂಡು ಕೂತು, "ಎಂಥಾ ಪುಣ್ಯವಂತ್ರಮ್ಮ ನೀವು. ಇಂಥಾ ಜಾಗ ಇಟ್ಕೊಂಡು ಯಾರಿಗೂ ಹೇಳ್ಲೇ ಇಲ್ವಲ್ಲ," ಎಂದರು.

"ನಮಗೂ ಈಗಲೇ ಗೊತ್ತಾಗಿದ್ದು ಅವ್ವಾ," ಎಂದಳು ಅಕ್ಕ, ಅವರಿಗೆ ಬಿಸಿನೀರು ಕೊಡುತ್ತ.

ವೈಶಾಖದ ಒಂದು ಮಟಮಟ ಮಧ್ಯಾಹ್ನ ಹನುಮಕ್ಕ ಹಳೆಯ ನಕ್ಷೆಗಳ ಕೋಣೆಗೆ ಓಡಿಬಂದಳು. "ನಿಮ್ಮಕ್ಕಂಗೆ ನೋವು ಬಂದೈತಂತೆ, ಹೋಗವ್ವ." ನಾನು ಹೋಗುವಷ್ಟರಲ್ಲಿ ಮಗು ಹುಟ್ಟಿಯಾಗಿತ್ತು. ಹೆಣ್ಣು. ಅಳುತ್ತಿತ್ತು. ಅಕ್ಕ ಆ ಅಳುವನ್ನು, ಯಾರಾದರೂ ಕಸಿದುಕೊಂಡಾರೆಂಬಂತೆ, ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಆದರೆ ಫಿಲೋಮಿನಾ ಮುಖ ಗಂಟಿಕ್ಕಿಕೊಂಡಿದ್ದಳು.

"ಮೈ ತಣ್ಣಗಾಗ್ತಿದೆ. ಎದೆಗೆ ಒತ್ತಿ ಹಿಡ್ಕೊ ಕಸ್ತೂರಿ. ಮೇಲೆ ಹೊದಿಸೋಕೆ ಬೆಚ್ಚಗಿರೋದು ಏನಾದ್ರೂ ಕೊಡಿ. ಕಂಬಳಿ, ರಗ್ಗು, ಏನಾದ್ರೂ."

ಇಸ್ತ್ರಿಪೆಟ್ಟಿಗೆಯಲ್ಲಿ ಕಾಯಿಸಿದ ಪಂಚೆ ಹೊದಿಸಿದೆ, ಮರುಗಳಿಗೆಗೇ ತಣ್ಣಗಾಯಿತು. ಅತ್ತೆ ಓಣಿಯ ಆ ತುದಿಯಿಂದ ಈ ತುದಿಯವರೆಗೆ ಕೇಳಿಕೊಂಡು ಬಂದರು. ಹತ್ತಿಯ ಸೀರೆಗಳಿದ್ದವು, ಪಂಚೆಗಳಿದ್ದವು, ಬೀಸಣಿಗೆಗಳಿದ್ದವು. ಮೂವತ್ತೆಂಟು ಮನೆಯಲ್ಲಿ ಒಂದು ಕಂಬಳಿ ಇರಲಿಲ್ಲ. ಇಸ್ತ್ರಿಯ ಗಂಟಿನಲ್ಲಾದರೂ ಒಂದು ಶಾಲು ಸಿಕ್ಕೀತೆಂದು ನಾನು ಬಿಚ್ಚಿ ನೋಡಿದೆ. ಬರೀ ತೆಳು ಅಂಗಿಗಳು. ಯುಗಾದಿಯ ವಾರದಿಂದಲೇ ಉಣ್ಣೆ ಬರುವುದು ನಿಂತುಹೋಗಿತ್ತು, ಅದನ್ನು ನಿಲ್ಲಿಸಿದವಳು ನಾನೇ.

ಕಚೇರಿ ಕಾಲು ಗಂಟೆಯ ದಾರಿ. ನಾನು ಓಡಿದೆ. ಹಳೆಯ ನಕ್ಷೆಗಳು ಆ ಕೋಣೆಯಲ್ಲಿ ಎಷ್ಟೋ ವರ್ಷ ಹಚ್ಚಿದ ಕೆಂಪಿನ ಕಾವು ಬಿಡದೆ ಮಲಗಿರುತ್ತವೆ. ಹನುಮಕ್ಕ ಹಪ್ಪಳ ಒಣಗಿಸುವುದು, ಊಟದ ಡಬ್ಬಿ ಬಿಸಿಯಿಡುವುದು ಅವುಗಳ ಮೇಲೆಯೇ. ಎಲ್ಲಕ್ಕಿಂತ ಮೇಲೆ ಹೋದ ವರ್ಷದ್ದಿತ್ತು, ರಾಯರ ಕೈಯ ಕೊನೆಯ ನಕ್ಷೆ. ಬಣ್ಣ ಅಲ್ಲಲ್ಲಿ ಗೆರೆ ದಾಟಿತ್ತು. ಅದನ್ನು ಸುರುಳಿ ಸುತ್ತಿ ಎದೆಗವಚಿಕೊಂಡೆ. ಬಾಗಿಲಲ್ಲಿ ಹನುಮಕ್ಕ ರಿಜಿಸ್ಟರು ಚಾಚಿದಳು, ನಾನಿಲ್ಲದಾಗ ಆ ಕೋಣೆಯ ನಿಯಮ ಪಾಲಿಸುವುದು ಅವಳೇ. ಕಾರಣದ ಕಾಲಮ್ಮಿನಲ್ಲಿ 'ಸ್ಥಳ ಪರಿಶೀಲನೆಗಾಗಿ' ಎಂದು ಬರೆದೆ.

ಬಟ್ಟೆಯ ಬೆನ್ನು ಒಳಗೆ ಬರುವಂತೆ ಮಡಿಸಿ ಮಗುವಿಗೆ ಸುತ್ತಿದೆವು. ಸ್ವಲ್ಪ ಹೊತ್ತಿಗೆ ಫಿಲೋಮಿನಾ ಅಂಗಾಲು ಮುಟ್ಟಿ ನೋಡಿ, "ಹಾಂ. ಈಗ ಬಂತು," ಎಂದು ಗೋಡೆಗೊರಗಿ ಕೂತಳು. ಮಗುವಿನ ಕಿವಿಯ ಹತ್ತಿರ ಕನ್ಯಾಶಾಲೆ, ಮೊಣಕಾಲಿನ ಮೇಲೆ ಶಂಭುಭಟ್ಟರ ಹೋಟೆಲು. ಅಕ್ಕ ಬಹಳ ಹೊತ್ತು ಆ ಗುಲಾಬಿ ಬೀದಿಗಳ ಮೇಲೆ ಬೆರಳಾಡಿಸಿದಳು.

"ನಮ್ಮ ಓಣಿ ಎಲ್ಲೇ?"

"ಬೆನ್ನ ಕೆಳಗೆ," ಎಂದೆ. "ಅದೇ ಎಲ್ಲಕ್ಕಿಂತ ಕಾವು ಇರೋದು."

ಅಕ್ಕ ಮಗುವನ್ನು ಸ್ವಲ್ಪ ಸರಿಸಿ, ಬೆನ್ನು ಸರಿಯಾಗಿ ಅದರ ಮೇಲೆ ಬರುವಂತೆ ಮಲಗಿಸಿದಳು.